ಅಡಿಪಾಯಕ್ಕೆ ಮುನ್ನ ನೆಲವನ್ನು ಪರೀಕ್ಷಿಸುವುದು ಹೇಗೆ?

ಮಣ್ಣು ಪರೀಕ್ಷೆ ಆಗಿದೆಯೇ ಎಂದು ಕೇಳಿದರೆ ಕಟ್ಟಡದ ಮಾಲೀಕರು ಒಂದು ವರದಿಯನ್ನು ಮುಂದಿಡುತ್ತಾರೆ. ಅದು ಕೈಗೆ ಬಂದ ಕೂಡಲೇ ಎಲ್ಲರೂ ತೆರೆಯುವುದು ಕೊನೆಯ ಪುಟವನ್ನು. ಈ ನೆಲ ಚದರ ಮೀಟರಿಗೆ ಇಷ್ಟು ಟನ್ ಹೊರುತ್ತದೆ ಎಂಬ ಅಂಕಿ ಅಲ್ಲಿರುತ್ತದೆ. ಅಂಕಿ ಸಮಾಧಾನಕರವಾಗಿದ್ದರೆ ವರದಿ ಕಡತ ಸೇರಿತು, ಕೆಲಸ ಶುರುವಾಯಿತು. ಆ ಅಂಕಿ ಯಾವ ಆಳದ್ದು, ಯಾವ ಋತುವಿನಲ್ಲಿ ಸಿಕ್ಕಿದ್ದು, ಕೊರೆಯುವಾಗ ಪಕ್ಕದಲ್ಲಿ ಯಾರು ನಿಂತಿದ್ದರು ಎಂದು ವಿಚಾರಿಸುವವರು ಕಡಿಮೆ.

ಈ ಕೆಲಸದಲ್ಲಿ ನಾನು ಕಂಡಂತೆ ಪ್ರಯೋಗಾಲಯದಲ್ಲಿ ತಪ್ಪಾಗುವುದು ಅಪರೂಪ. ರಂಧ್ರದ ಬಾಯಲ್ಲೇ ತಪ್ಪಾಗಿ ಹೋಗಿರುತ್ತದೆ. ಯಂತ್ರ ನಿಲ್ಲಿಸಲು ಅನುಕೂಲವಾದ ಜಾಗದಲ್ಲಿ ಕೊರೆದಿರುತ್ತಾರೆ, ಗಟ್ಟಿ ಸಿಕ್ಕಿತೆಂದು ಬೇಗ ನಿಲ್ಲಿಸಿರುತ್ತಾರೆ, ಹೊರಗೆ ಬಂದ ಮಣ್ಣನ್ನು ಯಾರೂ ಕೈಯಲ್ಲಿ ಹಿಡಿದು ನೋಡಿರುವುದಿಲ್ಲ. ಅದಕ್ಕಾಗಿ ಇಲ್ಲಿ ಲೆಕ್ಕಾಚಾರಕ್ಕಿಂತ ಹೆಚ್ಚಾಗಿ ನಿವೇಶನದಲ್ಲಿ ಮಾಡಬೇಕಾದುದನ್ನೇ ಹೇಳುತ್ತೇನೆ. ಅಡಿಪಾಯದ ವಿನ್ಯಾಸ ಎಂಜಿನಿಯರ್ ಕೆಲಸ. ಅವರಿಗೆ ಸರಿಯಾದ ಮಾಹಿತಿ ಸಿಗುವಂತೆ ನೋಡಿಕೊಳ್ಳುವುದು ಕಟ್ಟಿಸುವವರ ಕೈಯಲ್ಲೂ ಇದೆ.

ಮೊದಲ ಹೆಜ್ಜೆ: ಕೊರೆಯುವ ಮುನ್ನ ನಡೆದು ನೋಡಿ

ಒಂದು ಬೆಳಗಿನ ಹೊತ್ತು ನಿವೇಶನದಲ್ಲೂ ಅದರ ಸುತ್ತಲೂ ಸುಮ್ಮನೆ ನಡೆಯಿರಿ. ನೆರೆಯ ಕಟ್ಟಡಗಳ ಗೋಡೆ ನೋಡಿ. ಕಿಟಕಿಯ ಮೂಲೆಯಿಂದ ಹೊರಟು ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು ಕಂಡರೆ, ಆ ಗೋಡೆಯ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಕುಸಿದಿದೆ ಅಥವಾ ಮೇಲೆದ್ದಿದೆ ಎಂದು ಅರ್ಥ. ಇಳಿಜಾರಿನಲ್ಲಿ ಮರಗಳ ಬುಡ ಕುಡುಗೋಲಿನಂತೆ ಬಾಗಿ ಆಮೇಲೆ ನೇರವಾಗಿ ಮೇಲೆದ್ದಿದ್ದರೆ ಮೇಲ್ಮಣ್ಣು ವರ್ಷಗಳಿಂದ ಮೆಲ್ಲಗೆ ಕೆಳಕ್ಕೆ ಜಾರುತ್ತಿರಬಹುದು. ಸುತ್ತೆಲ್ಲ ಒಣಗಿರುವಾಗ ಒಂದು ಕಡೆ ಮಾತ್ರ ಜೊಂಡು ಹಸಿರಾಗಿ ನಿಂತಿದ್ದರೆ ನೀರು ಹತ್ತಿರದಲ್ಲೇ ಇದೆ. ಬೇಸಿಗೆಯಲ್ಲಿ ನೆಲ ಕೈ ತೂರುವಷ್ಟು ಅಗಲಕ್ಕೆ ಬಿರಿದಿದ್ದರೆ ಅದು ಹಿಗ್ಗುವ ಜೇಡಿಮಣ್ಣು. ಅದರ ವಿಷಯ ಮುಂದೆ ಬರುತ್ತದೆ.

ಹತ್ತಿರದಲ್ಲಿ ತೆರೆದ ಬಾವಿ ಇದ್ದರೆ ಬಗ್ಗಿ ನೋಡಿ. ಕಲ್ಲು ಕಟ್ಟದ ಬಾವಿಯ ಗೋಡೆಯಲ್ಲಿ ಮಣ್ಣಿನ ಪದರಗಳು ಒಂದರ ಮೇಲೊಂದು ಕಾಣುತ್ತವೆ. ರಸ್ತೆಗಾಗಿ ಗುಡ್ಡ ಕಡಿದ ಜಾಗವೂ ಹಾಗೆಯೇ. ಕೊಳವೆಬಾವಿ ಕೊರೆದವರು ಹೇಳುವ ಲೆಕ್ಕವನ್ನು ಮಾತ್ರ ಸೂಚನೆ ಎಂದಷ್ಟೇ ಇಟ್ಟುಕೊಳ್ಳಿ. ಅವರ ಯಂತ್ರ ಎಲ್ಲವನ್ನೂ ಪುಡಿ ಮಾಡಿ ಗಾಳಿಯಲ್ಲಿ ಮೇಲಕ್ಕೆ ಊದುತ್ತದೆ, ಅವರಿಗೆ ಬೇಕಾದದ್ದೂ ನೀರು.

ಸಮತಟ್ಟಾದ ನಿವೇಶನ ಕಂಡಾಗ ಮಾಲೀಕರಿಗೆ ಸಂತೋಷವಾಗುತ್ತದೆ, ನನಗೆ ಅನುಮಾನ ಹುಟ್ಟುತ್ತದೆ. ಸುತ್ತಲಿನ ನೆಲವೆಲ್ಲ ಇಳಿಜಾರಾಗಿರುವಾಗ ಇದೊಂದೇ ಹೇಗೆ ಮಟ್ಟಸವಾಯಿತು? ಯಾರೋ ಮೇಲಿನ ಬದಿಯನ್ನು ಕಡಿದು ಕೆಳಗಿನ ಬದಿಗೆ ಸುರಿದಿರಬೇಕು. ಅಂಥ ಜಾಗದಲ್ಲಿ ಮನೆಯ ಅರ್ಧ ಮೂಲ ನೆಲದ ಮೇಲೂ ಇನ್ನರ್ಧ ಭರ್ತಿ ಮಣ್ಣಿನ ಮೇಲೂ ಕೂರುತ್ತದೆ. ಬಿರುಕು ಬೀಳುವುದು ಆ ಎರಡರ ಗಡಿಯಲ್ಲಿ. ಹಳೆಯ ಭೂಪಟ, ಹಳೆಯ ಉಪಗ್ರಹ ಚಿತ್ರ, ಆ ಜಾಗವನ್ನು ಬಹುಕಾಲದಿಂದ ಬಲ್ಲ ಹಿರಿಯರ ನೆನಪು ಈ ಮೂರನ್ನೂ ಕೇಳಿ. ಮುಚ್ಚಿದ ಬಾವಿ, ಹೂಳು ತುಂಬಿದ ಕೊಳ, ದಿಕ್ಕು ಬದಲಿಸಿದ ಹಳ್ಳ, ಕಲ್ಲು ತೆಗೆದು ಕಸ ತುಂಬಿದ ಕ್ವಾರಿ ಇವೆಲ್ಲ ಇಂದಿನ ನಕ್ಷೆಯಲ್ಲಿ ಇರುವುದಿಲ್ಲ.

ನೋಡಿದ್ದನ್ನೆಲ್ಲ ನಿವೇಶನದ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿ. ಎಲ್ಲಿ ಕೊರೆಯಬೇಕೆಂದು ಹೇಳುವುದು ಈ ಹಾಳೆಯೇ.

ಎರಡನೆಯ ಹೆಜ್ಜೆ: ಗುಂಡಿ ತೋಡಿ, ಗೋಡೆ ಓದಿ

ಚಿಕ್ಕ ಕಟ್ಟಡಕ್ಕೆ ಎರಡು ಮೂರು ಪರೀಕ್ಷಾ ಗುಂಡಿಗಳು ಕೊಡುವ ತಿಳಿವಳಿಕೆ ಅಷ್ಟಿಷ್ಟಲ್ಲ. ಆಳ ಒಂದೂವರೆಯಿಂದ ಮೂರು ಮೀಟರ್ ಇರಲಿ. ಕಾಲಂ ಬರುವ ಜಾಗದಲ್ಲಂತೂ ತೋಡಬೇಡಿ. ಒಮ್ಮೆ ತೋಡಿ ಮುಚ್ಚಿದ ಮಣ್ಣು ಮೊದಲಿನ ಗಟ್ಟಿತನಕ್ಕೆ ಮರಳುವುದಿಲ್ಲ. ಪರೀಕ್ಷೆ ಮಾಡಲು ಹೋಗಿ ಅಡಿಪಾಯದ ಕೆಳಗೆ ನಾವೇ ಮೆತ್ತನೆಯ ಜಾಗ ಮಾಡಿಟ್ಟಂತಾಗುತ್ತದೆ.

ಇನ್ನೊಂದು ಎಚ್ಚರಿಕೆ. ಒಂದು ಘನ ಮೀಟರ್ ಮಣ್ಣು ಒಂದೂವರೆಯಿಂದ ಎರಡು ಟನ್ ತೂಗುತ್ತದೆ. ಕುಸಿದರೆ ಎದೆ ಮಟ್ಟದ ಮಣ್ಣೂ ಮನುಷ್ಯನನ್ನು ಉಸಿರಾಡಲು ಬಿಡುವುದಿಲ್ಲ. ನೇರ ಗೋಡೆಯ ಗುಂಡಿ 1.2 ಮೀಟರಿಗಿಂತ ಆಳವಾದರೆ ಗೋಡೆಗಳಿಗೆ ಆಧಾರ ಕೊಡದೆ ಅಥವಾ ಇಳಿಜಾರು ಮಾಡದೆ ಯಾರನ್ನೂ ಇಳಿಸಬೇಡಿ. ತೆಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ ಒಂದು ಮೀಟರ್ ದೂರ ಹಾಕಿಸಿ. ಆಳದ ಮಣ್ಣನ್ನು ಜೆಸಿಬಿಯ ಬಕೆಟ್ಟಿನಲ್ಲೇ ಮೇಲೆ ತರಿಸಿಕೊಂಡು ನೋಡಬಹುದು.

ಯಂತ್ರ ತೋಡಿದ ಗೋಡೆಯ ಮೇಲೆ ಮಣ್ಣು ಸವರಿಕೊಂಡು ಪದರಗಳು ಮುಚ್ಚಿಹೋಗಿರುತ್ತವೆ. ಒಂದು ಕರಣೆಯಿಂದಲೋ ಚಾಕುವಿನಿಂದಲೋ ಮೇಲಿನಿಂದ ಕೆಳಕ್ಕೆ ಒಂದು ಅಡಿ ಅಗಲದ ಪಟ್ಟಿಯನ್ನು ಹೆರೆಯಿರಿ. ಆಗ ಬಣ್ಣ ಬೇರೆಯಾಗುತ್ತದೆ, ಪದರಗಳು ಎದ್ದು ಕಾಣುತ್ತವೆ. ಇಟ್ಟಿಗೆ ಚೂರು, ಬೂದಿ, ಪ್ಲಾಸ್ಟಿಕ್ ಕಂಡರೆ ಅಲ್ಲಿಯವರೆಗೂ ಭರ್ತಿ. ಕಪ್ಪಗೆ ವಾಸನೆ ಬರುವ, ಕೊಳೆತ ಬೇರಿರುವ ಮಣ್ಣಾದರೆ ಅದು ಹಳೆಯ ಹೂಳು. ಈ ಎರಡರ ಮೇಲೂ ಅಡಿಪಾಯ ಕೂರಿಸುವ ಮಾತಿಲ್ಲ.

ಈಗ ಪ್ರತಿ ಪದರದಿಂದಲೂ ಒಂದು ಹಿಡಿ ಮಣ್ಣು ತೆಗೆದುಕೊಳ್ಳಿ. ನೀರು ಹಾಕಿ ಕಲಸಿ, ಅಂಗೈ ಮೇಲೆ ಉಂಡೆ ಮಾಡಿ, ದಾರದಂತೆ ಹೊಸೆಯಿರಿ. ಮೂರು ಮಿಲಿಮೀಟರ್ ದಪ್ಪದ ದಾರ ತುಂಡಾಗದೆ ನಿಂತರೆ ಜೇಡಿಯ ಅಂಶ ಸಾಕಷ್ಟಿದೆ. ದಾರವಾಗುವ ಮೊದಲೇ ಪುಡಿಯಾದರೆ ಮರಳು ಅಥವಾ ಗೋಡು (ಮರಳಿಗಿಂತ ನಯ, ಜೇಡಿಗಿಂತ ದೊರಗು ಕಣಗಳ ಮಣ್ಣು). ಗೋಡನ್ನು ಗುರುತಿಸಲು ಇನ್ನೊಂದು ಉಪಾಯವಿದೆ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹರಡಿ, ಇನ್ನೊಂದು ಕೈಯಿಂದ ಆ ಕೈಯನ್ನು ನಾಲ್ಕೈದು ಸಲ ತಟ್ಟಿ. ಮೇಲ್ಮೈ ನೀರಾಡಿ ಹೊಳೆಯುತ್ತದೆ. ಬೆರಳಿನಿಂದ ಹಿಸುಕಿದರೆ ಹೊಳಪು ಮಾಯ. ಜೇಡಿ ಹೀಗೆ ಮಾಡುವುದಿಲ್ಲ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿಟ್ಟರೂ ಲೆಕ್ಕ ಸಿಗುತ್ತದೆ: ಮರಳು ಒಂದೆರಡು ನಿಮಿಷದೊಳಗೆ ತಳ ಸೇರುತ್ತದೆ, ಗೋಡು ಕೆಲವು ಗಂಟೆಗಳಲ್ಲಿ, ಜೇಡಿ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಹಳಬರು ಚಿಟಿಕೆ ಮಣ್ಣನ್ನು ಹಲ್ಲಿನ ನಡುವೆ ಕಡಿದು ಮರಳಿನ ಕರಕರವನ್ನು ಪತ್ತೆ ಮಾಡುತ್ತಿದ್ದರು. ಕಸ ಸುರಿದ ಜಾಗಗಳನ್ನು ಕಂಡ ಮೇಲೆ ನಾನು ಆ ಅಭ್ಯಾಸ ಬಿಟ್ಟೆ.

ಗಟ್ಟಿತನಕ್ಕೆ ನಿಮ್ಮ ಹೆಬ್ಬೆರಳೇ ಉಪಕರಣ. ಜೇಡಿಯ ಗೋಡೆಗೆ ಒತ್ತಿದಾಗ ಬೆರಳು ಸಲೀಸಾಗಿ ಒಳಗೆ ಹೋದರೆ ಮೆತ್ತಗಿದೆ, ಬಲವಾಗಿ ಒತ್ತಿದಾಗ ಗುಳಿ ಬಿದ್ದರೆ ಮಧ್ಯಮ, ಉಗುರಿನ ಗುರುತು ಮಾತ್ರ ಮೂಡಿದರೆ ಗಟ್ಟಿ.

ಮೂರನೆಯ ಹೆಜ್ಜೆ: ಎಲ್ಲಿ, ಎಷ್ಟು ರಂಧ್ರ

ಸುಮಾರು ಒಂದು ಎಕರೆಯ ಕಟ್ಟಡ ನಿವೇಶನಕ್ಕೆ ನಾಲ್ಕು ಮೂಲೆಗಳಲ್ಲಿ ಒಂದೊಂದು, ನಡುವೆ ಒಂದು ಎಂಬುದು ರೂಢಿಯ ಲೆಕ್ಕ. ಸಣ್ಣ, ಹಗುರ ಕಟ್ಟಡಕ್ಕೆ ಮಧ್ಯದ ಒಂದೇ ರಂಧ್ರ ಅಥವಾ ಗುಂಡಿ ಸಾಕಾಗಬಹುದು. ನಾನು ಇದಕ್ಕೆ ಸೇರಿಸುವುದು ಒಂದೇ: ಪೆನ್ಸಿಲಿನ ಹಾಳೆಯಲ್ಲಿ ಅನುಮಾನದ ಗುರುತು ಎಲ್ಲಿದೆಯೋ ಅಲ್ಲೊಂದು, ಅತಿ ಹೆಚ್ಚು ಭಾರದ ಕಾಲಂ ಎಲ್ಲಿ ಬರುತ್ತದೆಯೋ ಅಲ್ಲೊಂದು. ಯಂತ್ರ ಒಳಗೆ ಬರಲು ದಾರಿ ಕಷ್ಟವೆಂದು ಗೇಟಿನ ಬಳಿಯೇ ಮೂರು ರಂಧ್ರ ಕೊರೆದು ಮುಗಿಸಿದ ವರದಿಯನ್ನೂ ನೋಡಿದ್ದೇನೆ. ಕಟ್ಟಡ ಬಂದದ್ದು ನಿವೇಶನದ ಇನ್ನೊಂದು ತುದಿಯಲ್ಲಿ.

ವರದಿಯ ಚಿತ್ರದಲ್ಲಿ ಎರಡು ರಂಧ್ರಗಳನ್ನು ಜೋಡಿಸಿ ಪದರಗಳ ಗೆರೆ ಎಳೆದಿರುತ್ತಾರೆ. ಆ ಗೆರೆಯ ಎರಡು ತುದಿಗಳನ್ನು ಮಾತ್ರ ಯಾರಾದರೂ ಕಂಡಿದ್ದಾರೆ. ನಡುವಿನದೆಲ್ಲ ಊಹೆ.

ನಾಲ್ಕನೆಯ ಹೆಜ್ಜೆ: ಎಷ್ಟು ಆಳಕ್ಕೆ

ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಜಿಪುಣತನ ನಡೆಯುವುದು ಇಲ್ಲಿ. ಅದು ಎಲ್ಲಿಗೆ ಮುಟ್ಟಿಸಬಹುದು ಎಂಬುದಕ್ಕೆ 1913ರ ಒಂದು ಘಟನೆ ಇದೆ. ಕೆನಡಾದ ವಿನ್ನಿಪೆಗ್ ಬಳಿಯ ಟ್ರಾನ್ಸ್‌ಕೋನಾದಲ್ಲಿ ಧಾನ್ಯ ಸಂಗ್ರಹಕ್ಕೆಂದು 65 ಕಣಜಗಳ, ಸುಮಾರು 31 ಮೀಟರ್ ಎತ್ತರದ ಕಾಂಕ್ರೀಟ್ ಕಟ್ಟಡವನ್ನು ಕಟ್ಟಿದರು. ಅಡಿಪಾಯವೆಂದರೆ 23 ಮೀಟರಿಗಿಂತ ಅಗಲವಾದ ಒಂದೇ ಕಾಂಕ್ರೀಟ್ ಹಾಸು. ಅಗೆದ ತಳದ ಮೇಲೆ ಭಾರ ಹೇರಿ ಮೊದಲೇ ಪರೀಕ್ಷೆ ಮಾಡಿದ್ದರು, ಮೇಲಿನ ಜೇಡಿ ಗಟ್ಟಿಯಾಗಿಯೇ ಇತ್ತು. ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಧಾನ್ಯ ತುಂಬುತ್ತಿರುವಾಗ ಕಟ್ಟಡ ಕುಸಿಯತೊಡಗಿತು. ಸುಮಾರು ಒಂದು ದಿನದೊಳಗೆ 27 ಡಿಗ್ರಿಯಷ್ಟು ವಾಲಿ ನಿಂತಿತು. ಕಣಜಗಳ ಕಾಂಕ್ರೀಟಿಗೆ ಹೆಚ್ಚಿನ ಹಾನಿಯೇನೂ ಆಗಿರಲಿಲ್ಲ. ಕೆಳಗಿನಿಂದ ಆಧಾರ ಕೊಟ್ಟು ಅದನ್ನು ಮತ್ತೆ ನೇರ ನಿಲ್ಲಿಸಿ ಬಳಸಿದರು. ದಶಕಗಳ ನಂತರ, 1951ರಲ್ಲಿ, ರಂಧ್ರ ಕೊರೆದು ನೋಡಿದಾಗ ಕಾರಣ ಸ್ಪಷ್ಟವಾಯಿತು: ಗಟ್ಟಿ ಜೇಡಿಯ ಕೆಳಗೆ ಮೆತ್ತನೆಯ ಜೇಡಿ ಇತ್ತು.

ಪರೀಕ್ಷೆಯಲ್ಲಿ ಅದು ಏಕೆ ಕಾಣಲಿಲ್ಲ? ಚೌಕಾಕಾರದ ಅಡಿಪಾಯ ಹಾಕುವ ಒತ್ತಡ ಅದರ ಅಗಲದ ಎರಡರಷ್ಟು ಆಳಕ್ಕೆ ಇಳಿಯುವಾಗ ಸುಮಾರು ಹತ್ತನೆಯ ಒಂದು ಭಾಗಕ್ಕೆ ತಗ್ಗುತ್ತದೆ. 30 ಸೆಂಟಿಮೀಟರ್ ಅಗಲದ ಉಕ್ಕಿನ ಫಲಕ ಇಟ್ಟು ಭಾರ ಹೇರಿದರೆ ಆ ಪರೀಕ್ಷೆಗೆ ತಿಳಿಯುವುದು ಹೆಚ್ಚೆಂದರೆ ಕೆಳಗಿನ 60 ಸೆಂಟಿಮೀಟರ್ ಮಣ್ಣು. ಅದೇ ಜಾಗದಲ್ಲಿ ಎರಡು ಮೀಟರ್ ಅಗಲದ ಫೂಟಿಂಗ್ (ಕಾಲಂ ಕೆಳಗಿನ ಅಗಲವಾದ ಪಾದ) ನಾಲ್ಕು ಮೀಟರ್ ಆಳದ ಮಣ್ಣನ್ನೂ ಒತ್ತುತ್ತದೆ. ಟ್ರಾನ್ಸ್‌ಕೋನಾದ ಹಾಸು ಒತ್ತಿದ ಆಳವನ್ನು ನೀವೇ ಲೆಕ್ಕ ಹಾಕಿ.

ಹಾಗಾಗಿ ಅಡಿಪಾಯದ ತಳದಿಂದ ಕೆಳಕ್ಕೆ ಕನಿಷ್ಠ ಅದರ ಅಗಲದ ಒಂದೂವರೆ ಪಟ್ಟು, ಸಾಧ್ಯವಾದರೆ ಎರಡು ಪಟ್ಟು ಕೊರೆಯಬೇಕು. ಉದ್ದನೆಯ ಪಟ್ಟಿಯಂಥ ಅಡಿಪಾಯಕ್ಕೆ ಇನ್ನೂ ಹೆಚ್ಚು. ಫೂಟಿಂಗ್‌ಗಳು ಒತ್ತೊತ್ತಾಗಿದ್ದರೆ ಒಂದರ ಒತ್ತಡ ಇನ್ನೊಂದರ ಜೊತೆ ಬೆರೆಯುತ್ತದೆ, ಆಗ ಲೆಕ್ಕಕ್ಕೆ ಇಡೀ ಕಟ್ಟಡದ ಅಗಲವನ್ನೇ ಹಿಡಿಯಬೇಕು. ಪೈಲ್, ಅಂದರೆ ನೆಲದೊಳಗೆ ಆಳಕ್ಕಿಳಿಸುವ ಕಂಬ, ಹಾಕುವುದಾದರೆ ಅದರ ತುದಿಯಿಂದ ಇನ್ನೂ ಕೆಲವು ಮೀಟರ್ ಕೆಳಗೆ ಹೋಗಬೇಕು. ಮೆತ್ತನೆಯ ಮಣ್ಣಿನಲ್ಲಿ ಇರುವಾಗ ಒಪ್ಪಂದದ ಆಳ ಮುಗಿಯಿತೆಂದು ನಿಲ್ಲಿಸುವುದು ಸರಿಯಲ್ಲ. ಒಪ್ಪಂದ ಬರೆಯುವಾಗಲೇ ಹೆಚ್ಚುವರಿ ಆಳದ ದರವನ್ನು ಸೇರಿಸಿಕೊಂಡಿದ್ದರೆ ಆ ಹೊತ್ತಿನಲ್ಲಿ ಚೌಕಾಸಿ ತಪ್ಪುತ್ತದೆ.

ಬಂಡೆ ಸಿಕ್ಕಿತು ಎಂಬ ಮಾತನ್ನು ಕೂಡಲೇ ನಂಬಬೇಡಿ. ಗುಂಡುಕಲ್ಲೂ ಬಂಡೆಯಂತೆಯೇ ಸದ್ದು ಮಾಡುತ್ತದೆ. ಬಂಡೆಯೊಳಗೆ ಮೂರು ಮೀಟರಾದರೂ ಕೊರೆದು ಕೋರ್, ಅಂದರೆ ಕಲ್ಲಿನ ಉರುಳೆಯಾಕಾರದ ತುಂಡು, ತೆಗೆಸಿ. ಒಮ್ಮೆ ನಾನು ನಿಂತಿದ್ದ ಜಾಗದಲ್ಲಿ ಬಂಡೆ ಎಂದು ಯಂತ್ರ ಬಿಚ್ಚಲು ಹೊರಟಿದ್ದರು. ಹಠ ಹಿಡಿದು ಕೊರೆಸಿದ್ದಕ್ಕೆ ಒಂದು ಮೀಟರ್ ಕಲ್ಲು ದಾಟಿ ಮತ್ತೆ ಹಸಿ ಮಣ್ಣು ಬಂತು.

ಐದನೆಯ ಹೆಜ್ಜೆ: ಯಂತ್ರದ ಪಕ್ಕ ನಿಲ್ಲಿ

ರಂಧ್ರದೊಳಗೆ ಹೆಚ್ಚಾಗಿ ಮಾಡುವ ಪರೀಕ್ಷೆ ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್). 63.5 ಕಿಲೋ ತೂಕದ ಸುತ್ತಿಗೆಯನ್ನು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾ, ಸರಳಿನ ತುದಿಯಲ್ಲಿರುವ ದಪ್ಪ ಕೊಳವೆಯನ್ನು ರಂಧ್ರದ ತಳಕ್ಕೆ ಬಡಿಯುತ್ತಾರೆ. ಸರಳಿನ ಮೇಲೆ ಸೀಮೆಸುಣ್ಣದಲ್ಲಿ 15 ಸೆಂಟಿಮೀಟರಿನ ಮೂರು ಗುರುತು ಇರುತ್ತವೆ. ಒಂದೊಂದು ಗುರುತು ಇಳಿಯಲು ಎಷ್ಟು ಪೆಟ್ಟು ಬೇಕಾಯಿತೆಂದು ಎಣಿಸಬೇಕು. ಮೊದಲ 15ರ ಮಣ್ಣು ಕೊರೆಯುವಾಗಲೇ ಕದಡಿರುವುದರಿಂದ ಅದರ ಎಣಿಕೆ ಲೆಕ್ಕಕ್ಕಿಲ್ಲ. ಉಳಿದೆರಡರ ಮೊತ್ತವೇ ಎನ್ ಮೌಲ್ಯ. ಉದಾಹರಣೆಗೆ 4, 6, 9 ಪೆಟ್ಟುಗಳಾದರೆ ಎನ್ ಅಂದರೆ 15. ಮರಳಿನಲ್ಲಿ ಎನ್ 10ಕ್ಕಿಂತ ಕಡಿಮೆಯಾದರೆ ಸಡಿಲ, 10ರಿಂದ 30 ಮಧ್ಯಮ, 30 ದಾಟಿದರೆ ಬಿಗಿ, 50 ದಾಟಿದರೆ ಬಹಳ ಬಿಗಿ.

ಇಷ್ಟು ಸರಳವಾದ ಪರೀಕ್ಷೆ ಹಲವು ರೀತಿಯಲ್ಲಿ ಕೆಡುತ್ತದೆ. ಸುತ್ತಿಗೆ ಎತ್ತುವ ಹಗ್ಗವನ್ನು ಬಿಗಿ ಹಿಡಿದುಕೊಂಡೇ ಇದ್ದರೆ ಸುತ್ತಿಗೆ ಪೂರ್ತಿ ಬಲದಿಂದ ಬೀಳುವುದಿಲ್ಲ, ಪೆಟ್ಟು ಹೆಚ್ಚಾಗಿ ಮಣ್ಣು ಗಟ್ಟಿಯೆಂದು ತೋರುತ್ತದೆ. ಕೊಳವೆಯ ಬಾಯಿಗೆ ಒಂದು ಜಲ್ಲಿಕಲ್ಲು ಸಿಕ್ಕಿಕೊಂಡರೂ ಅದೇ ಕಥೆ. ಅಂತರ್ಜಲದ ಕೆಳಗಿನ ಮರಳಿನಲ್ಲಿ ರಂಧ್ರದೊಳಗಿನ ನೀರು ಹೊರಗಿನ ಮಟ್ಟಕ್ಕಿಂತ ಕೆಳಗಿಳಿದರೆ ತಳದ ಮರಳು ಕುದಿದಂತೆ ಮೇಲೆ ನುಗ್ಗಿ ಸಡಿಲವಾಗುತ್ತದೆ, ಎನ್ ಸುಳ್ಳಾಗಿ ಇಳಿಯುತ್ತದೆ. ಆದ್ದರಿಂದ ರಂಧ್ರವನ್ನು ನೀರು ಅಥವಾ ಬೆಂಟೊನೈಟ್ ಎಂಬ ಜೇಡಿ ಕಲಸಿದ ನೀರು ತುಂಬಿಯೇ ಇಡಬೇಕು. ಕ್ಷೇತ್ರದ ಹಾಳೆಯಲ್ಲಿ ಮೂರು ಎಣಿಕೆಗಳನ್ನೂ ಪೆಟ್ಟು ಬೀಳುವಾಗಲೇ ಬರೆಸಿ. ಎಲ್ಲ ರಂಧ್ರಗಳಲ್ಲೂ 8, 10, 12, 14 ಎಂದು ಅಂಕಿಗಳು ಶಿಸ್ತಾಗಿ ಏರುತ್ತಾ ಹೋಗುವ ವರದಿ ಕಂಡರೆ ಮೂಲ ಹಾಳೆ ಕೇಳಿ. ನೆಲ ಅಷ್ಟು ಶಿಸ್ತಿನದ್ದಲ್ಲ.

ಮೆತ್ತನೆಯ ಜೇಡಿಗೆ ಎನ್ ಅಷ್ಟಾಗಿ ನೆಚ್ಚಬಹುದಾದ ಅಳತೆಯಲ್ಲ. ಅಲ್ಲಿ ತೆಳು ಗೋಡೆಯ ಕೊಳವೆಯನ್ನು ಬಡಿಯದೆ ಒತ್ತಿ, ಮಣ್ಣನ್ನು ಕದಡದಂತೆ ಹೊರತೆಗೆಯಬೇಕು. ತೆಗೆದ ಕೂಡಲೇ ಎರಡೂ ತುದಿಗೆ ಮೇಣ ಹುಯ್ದು, ರಂಧ್ರದ ಸಂಖ್ಯೆ, ಆಳ, ಮೇಲಿನ ತುದಿ ಯಾವುದು ಎಂದು ಬರೆದು ನೆರಳಿನಲ್ಲಿಡಬೇಕು. ಆ ಕೊಳವೆಗಳನ್ನು ಲಾರಿಯ ಹಿಂಭಾಗಕ್ಕೆ ಎಸೆಯುವುದನ್ನು ಕಂಡರೆ ಪ್ರಯೋಗಾಲಯಕ್ಕೆ ಕಳಿಸುವ ಶ್ರಮವನ್ನೇ ಬಿಡಬಹುದು.

ಕೊರೆಯುವವರ ಕೈಗೆ ತಿಳಿಯುವುದು ಎಷ್ಟೋ ಸಲ ಹಾಳೆಗೆ ಬರುವುದಿಲ್ಲ. ಸರಳು ಇದ್ದಕ್ಕಿದ್ದಂತೆ ಒಂದಡಿ ಜಾರಿತೇ? ಹಿಂದಿರುಗುತ್ತಿದ್ದ ನೀರು ನಿಂತುಹೋಯಿತೇ? ನೀರಿನ ಬಣ್ಣ ಯಾವ ಆಳದಲ್ಲಿ ಬದಲಾಯಿತು? ಸುಣ್ಣಕಲ್ಲಿನ ನೆಲದಲ್ಲಿ ಮೊದಲೆರಡು ಲಕ್ಷಣಗಳು ಪೊಳ್ಳು ಗವಿಯ ಸುಳಿವು. ಕೇಳಿ ಬರೆದುಕೊಳ್ಳಿ.

ಬಂಡೆಯ ಕೋರ್ ತುಂಡುಗಳನ್ನು ಪೆಟ್ಟಿಗೆಯಲ್ಲಿ ಕ್ರಮವಾಗಿ ಜೋಡಿಸಿದಾಗ ಹತ್ತು ಸೆಂಟಿಮೀಟರ್ ಮತ್ತು ಅದಕ್ಕಿಂತ ಉದ್ದದ ತುಂಡುಗಳನ್ನಷ್ಟೇ ಕೂಡಿಸಿ, ಕೊರೆದ ಒಟ್ಟು ಉದ್ದದಿಂದ ಭಾಗಿಸುತ್ತಾರೆ. ಇದೇ ಆರ್‌ಕ್ಯುಡಿ (ರಾಕ್ ಕ್ವಾಲಿಟಿ ಡೆಸಿಗ್ನೇಶನ್), ಬಂಡೆಯ ಗುಣಮಟ್ಟದ ಅಳತೆ. ಶೇಕಡಾ 90 ದಾಟಿದರೆ ಬಂಡೆ ಅಖಂಡ, 25ಕ್ಕಿಂತ ಕಡಿಮೆಯಾದರೆ ಹೆಸರಿಗೆ ಮಾತ್ರ ಬಂಡೆ. ಪೆಟ್ಟಿಗೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಆರನೆಯ ಹೆಜ್ಜೆ: ನೀರಿನ ಮಟ್ಟ

ಕೊರೆಯುವಾಗ ನಾವೇ ನೀರು ಹಾಕಿರುತ್ತೇವೆ. ಆದ್ದರಿಂದ ಆ ಹೊತ್ತಿನ ಮಟ್ಟಕ್ಕೆ ಅರ್ಥವಿಲ್ಲ. ಕನಿಷ್ಠ 24 ಗಂಟೆ ಬಿಟ್ಟು ಅಳೆಯಿರಿ. ಜೇಡಿಯಲ್ಲಿ ನೀರು ನಿಧಾನವಾಗಿ ಸೇರುವುದರಿಂದ ಇನ್ನೂ ಹೆಚ್ಚು ದಿನ ಬೇಕು. ಒಂದು ರಂಧ್ರದಲ್ಲಿ ತೂತುಗಳಿರುವ ಪೈಪ್ ಇಳಿಸಿ, ಸುತ್ತ ಮರಳು ತುಂಬಿ, ಮುಚ್ಚಳ ಹಾಕಿ ಬಿಟ್ಟರೆ ಮಳೆಗಾಲ ಮುಗಿಯುವವರೆಗೂ ಅಳೆಯುತ್ತಿರಬಹುದು. ಬೇಸಿಗೆಯ ಒಂದೇ ಅಳತೆಯನ್ನು ನಂಬಿ ನೆಲಮಾಳಿಗೆ ಕಟ್ಟಿದವರು ಮೊದಲ ಮಳೆಗಾಲದಲ್ಲಿ ಪಂಪ್ ಹುಡುಕುತ್ತಾರೆ. ಮರಳಿನ ನೆಲದಲ್ಲಿ ನೀರು ಅಡಿಪಾಯದ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಏರಿದರೆ ಭಾರ ಹೊರುವ ಶಕ್ತಿ ಅರ್ಧದ ಹತ್ತಿರಕ್ಕೆ ಇಳಿಯಬಹುದು. ಖಾಲಿ ಬಿಟ್ಟ ಭೂಗತ ತೊಟ್ಟಿ ದೋಣಿಯಂತೆ ಮೇಲೇಳುವುದೂ ಉಂಟು.

ಸಡಿಲ ಮರಳು, ಮೇಲಿನವರೆಗೂ ನೀರು, ಭೂಕಂಪದ ಪ್ರದೇಶ ಈ ಮೂರೂ ಕೂಡಿದ್ದರೆ ಮಣ್ಣು ದ್ರವದಂತೆ ವರ್ತಿಸುವ ಸಾಧ್ಯತೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಲು ಹೇಳಿ. 1964ರಲ್ಲಿ ಜಪಾನಿನ ನೀಗಾಟಾದಲ್ಲಿ ಭೂಕಂಪವಾದಾಗ ವಸತಿ ಕಟ್ಟಡಗಳು ಒಡೆಯದೆ ಹಾಗೆಯೇ ಪಕ್ಕಕ್ಕೆ ಒರಗಿ ಮಲಗಿದ್ದು ಈ ಕಾರಣದಿಂದ.

ಏಳನೆಯ ಹೆಜ್ಜೆ: ಪ್ರಯೋಗಾಲಯಕ್ಕೆ ಏನು ಕೇಳಬೇಕು

ಎಲ್ಲ ಪರೀಕ್ಷೆಗಳನ್ನೂ ಎಲ್ಲ ಮಾದರಿಗೂ ಮಾಡಿಸುವುದು ದಂಡ. ಕಣಗಳ ಗಾತ್ರ, ಜೇಡಿಯಾದರೆ ಅದರ ದ್ರವ ಮಿತಿ (ಎಷ್ಟು ತೇವಕ್ಕೆ ಅದು ಹರಿಯತೊಡಗುತ್ತದೆ) ಮತ್ತು ಪ್ಲಾಸ್ಟಿಕ್ ಮಿತಿ (ಎಷ್ಟು ತೇವಕ್ಕಿಂತ ಕಡಿಮೆಯಾದರೆ ಹೊಸೆದ ದಾರ ಒಡೆಯುತ್ತದೆ), ಸಹಜ ತೇವಾಂಶ, ಬಲದ ಪರೀಕ್ಷೆ ಇಷ್ಟು ಸಾಮಾನ್ಯ. ಮಣ್ಣು ಮತ್ತು ನೀರಿನಲ್ಲಿ ಸಲ್ಫೇಟ್, ಕ್ಲೋರೈಡ್ ಎಷ್ಟಿದೆ ಎಂದು ನೋಡಿಸಿ: ಮೊದಲನೆಯದು ಕಾಂಕ್ರೀಟನ್ನು ತಿನ್ನುತ್ತದೆ, ಎರಡನೆಯದು ಒಳಗಿನ ಕಬ್ಬಿಣವನ್ನು.

ಹಿಗ್ಗುವ ಮಣ್ಣಿನ ಅನುಮಾನವಿದ್ದರೆ ಫ್ರೀ ಸ್ವೆಲ್ ಪರೀಕ್ಷೆ ಬಿಡಬೇಡಿ. ಒಣಗಿಸಿ ಜರಡಿ ಹಿಡಿದ ಹತ್ತು ಹತ್ತು ಗ್ರಾಂ ಮಣ್ಣನ್ನು ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ಸುರಿದು ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಜೇಡಿ ಹಿಗ್ಗುವುದಿಲ್ಲ. ಅಲ್ಲಿ 10 ಮಿಲಿಲೀಟರ್ ಜಾಗ ಹಿಡಿದ ಮಣ್ಣು ನೀರಿನಲ್ಲಿ 16 ಹಿಡಿದರೆ ಹಿಗ್ಗುವಿಕೆ ಶೇಕಡಾ 60. ಅದು ಶೇಕಡಾ 50 ದಾಟಿತೆಂದರೆ ಮಾಮೂಲಿ ಆಳವಿಲ್ಲದ ಅಡಿಪಾಯದ ಯೋಚನೆ ಬಿಟ್ಟು ಎಂಜಿನಿಯರ್ ಜೊತೆ ಕೂರಬೇಕು. ಇಂಥ ಮಣ್ಣಿನಲ್ಲಿ ಹಗುರ ಕಟ್ಟಡಕ್ಕೇ ಹೆಚ್ಚು ಅಪಾಯ. ಮಳೆಗಾಲದಲ್ಲಿ ಅದನ್ನು ಎತ್ತಿ ಬೇಸಿಗೆಯಲ್ಲಿ ಇಳಿಸಲು ಮಣ್ಣಿಗೆ ಕಷ್ಟವೇ ಇಲ್ಲ.

ಮೆತ್ತನೆಯ ಜೇಡಿಗೆ ಬೇಕಾದದ್ದು ಸಾಂದ್ರೀಕರಣ ಪರೀಕ್ಷೆ. ಭಾರ ಬಿದ್ದಾಗ ಜೇಡಿಯೊಳಗಿನ ನೀರು ಹಿಂಡಿ ಹೋಗಬೇಕು, ಅದಕ್ಕೆ ವರ್ಷಗಳೇ ಹಿಡಿಯಬಹುದು. ಪದರ ಎರಡು ಪಟ್ಟು ದಪ್ಪವಾದರೆ ಕಾಲ ನಾಲ್ಕು ಪಟ್ಟು. ಪೀಸಾದ ಗೋಪುರದ ಕೆಲಸ 1173ರಲ್ಲಿ ಆರಂಭವಾಗಿ ಕೆಲವೇ ಅಂತಸ್ತುಗಳಾದ ಮೇಲೆ ಸುಮಾರು ಒಂದು ಶತಮಾನ ನಿಂತುಹೋಯಿತು. ಆ ಬಿಡುವಿನಲ್ಲಿ ಕೆಳಗಿನ ಜೇಡಿ ನೀರು ಬಿಟ್ಟು ಗಟ್ಟಿಯಾದದ್ದರಿಂದಲೇ ಗೋಪುರ ಉಳಿಯಿತು, ಒಂದೇ ಬಾರಿಗೆ ಕಟ್ಟಿದ್ದರೆ ಅಂದೇ ಉರುಳುತ್ತಿತ್ತು ಎಂಬುದು ಎಂಜಿನಿಯರುಗಳ ಅಭಿಪ್ರಾಯ. ನಮ್ಮ ಗುತ್ತಿಗೆದಾರರ ಬಳಿ ನೂರು ವರ್ಷ ಇರುವುದಿಲ್ಲ.

ಎಂಟನೆಯ ಹೆಜ್ಜೆ: ವರದಿ ಓದುವುದು, ಮತ್ತೆ ಗುಂಡಿಗೆ ಬರುವುದು

ಕೊನೆಯ ಪುಟದ ಅಂಕಿಗೆ ಮೂರು ಪ್ರಶ್ನೆ ಹಾಕಿ. ಯಾವ ಅಗಲದ, ಯಾವ ಆಳದ ಅಡಿಪಾಯಕ್ಕೆ ಇದು? ಎಷ್ಟು ಕುಸಿತವನ್ನು ಒಪ್ಪಿಕೊಂಡು ಕೊಟ್ಟದ್ದು? 25 ಮಿಲಿಮೀಟರಿಗೋ 50ಕ್ಕೋ? ಆಳವನ್ನು ಯಾವ ಮಟ್ಟದಿಂದ ಅಳೆದದ್ದು? ಮೂರನೆಯದು ಚಿಲ್ಲರೆ ಪ್ರಶ್ನೆಯಂತೆ ಕಂಡರೂ, ಕೊರೆದ ಮೇಲೆ ನಿವೇಶನವನ್ನು ಒಂದು ಮೀಟರ್ ಕಡಿದು ಮಟ್ಟ ಮಾಡಿದ್ದರೆ ವರದಿಯ ಎರಡು ಮೀಟರ್ ಆಳ ಈಗ ಒಂದೇ ಮೀಟರ್. ಬದಲಾಗದ ಒಂದು ಗುರುತಿನಿಂದ ಪ್ರತಿ ರಂಧ್ರದ ಬಾಯಿಯ ಎತ್ತರ ಅಳೆದು ಬರೆಸಿದ್ದರೆ ಈ ಗೊಂದಲವಿಲ್ಲ.

ಫೂಟಿಂಗ್‌ಗೆ ಗುಂಡಿ ತೆಗೆದ ದಿನ ವರದಿಯನ್ನು ಕೈಯಲ್ಲಿ ಹಿಡಿದು ಒಂದೊಂದರ ತಳವನ್ನೂ ನೋಡಿ, ಸಾಧ್ಯವಾದರೆ ಪರೀಕ್ಷೆ ಮಾಡಿದ ಎಂಜಿನಿಯರನ್ನೇ ಕರೆಸಿ. ಹಾರೆಯಿಂದ ಅಲ್ಲಲ್ಲಿ ಕುಟ್ಟಿಸಿ. ಎಲ್ಲ ಕಡೆ ಠಣ್ ಎನ್ನುವ ಹಾರೆ ಒಂದು ಮೂಲೆಯಲ್ಲಿ ದಪ್ಪೆಂದು ಇಳಿದರೆ ಆ ಗುಂಡಿಗೆ ಅಂದು ಕಾಂಕ್ರೀಟ್ ಬೇಡ. ಮೆತ್ತನೆಯದನ್ನು ಗಟ್ಟಿ ಸಿಗುವವರೆಗೂ ತೆಗೆಸಿ, ಮುಂದೇನೆಂದು ವಿನ್ಯಾಸಕಾರರನ್ನು ಕೇಳಿ. ಸರಿಯಿರುವ ಗುಂಡಿಗಳನ್ನೂ ಮಳೆ ನೀರು ನಿಲ್ಲಲು ಬಿಡದೆ ಬೇಗ ಮುಚ್ಚಬೇಕು. ಅದಕ್ಕೆ ಮುನ್ನ ಕಾಲಂ ಸಂಖ್ಯೆ ಬರೆದ ಹಲಗೆಯನ್ನೂ ಅಳತೆಪಟ್ಟಿಯನ್ನೂ ತಳದಲ್ಲಿಟ್ಟು ಪ್ರತಿಯೊಂದರ ಫೋಟೊ ತೆಗೆದು ವರದಿಯ ಜೊತೆಗೇ ಇಡಿ. ಹತ್ತು ವರ್ಷ ಕಳೆದು ಇನ್ನೊಂದು ಅಂತಸ್ತು ಏರಿಸಬಹುದೇ ಎಂದು ಯಾರಾದರೂ ಕೇಳಿದಾಗ ತೆಗೆದು ತೋರಿಸಲು ಅದು ಬೇಕಾಗುತ್ತದೆ.